ಹರಕೆ ಹೊರದ ಮೀನಿನ ಉಪವಾಸ

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಯಾರೂ ಜೋರಾಗಿ ಆಡುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕು ಬಂದರೆ ಅತ್ತೆ ಚಷ್ಮಾ ಹಾಕಿಕೊಂಡು ಡಬ್ಬಿಯ ಮೇಲಿನ ಹಸಿರು ಚುಕ್ಕೆ ನೋಡುತ್ತಾರೆ, ಆಮೇಲೂ ಮೂಸುತ್ತಾರೆ, ಕಡೆಗೆ "ನನಗ ಬ್ಯಾಡವಾ, ಹಲ್ಲ ನೋಯ್ತಾವು" ಎಂದು ದೂರ ಸರಿಸುತ್ತಾರೆ. ಅಂಥ ಮನೆಯ ಪಡಸಾಲೆಗೆ ನಾನು ಕಾರವಾರದಿಂದ ಜೀವಂತ ಮೀನು ತಂದು ಇಟ್ಟೆ. ತಿನ್ನುವುದಕ್ಕಲ್ಲ, ಅವು ಎಷ್ಟು ಉಸಿರಾಡುತ್ತವೆ ಎಂದು ಅಳೆಯುವುದಕ್ಕೆ. ಅದನ್ನು ಹೇಳಿದಾಗ ಅತ್ತೆಯ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಕನಿಕರ. ಸೊಸೆಗೆ ಓದು ಹೆಚ್ಚಾಯಿತು ಎಂದು ಅನ್ನಿಸಿರಬೇಕು.

ನಾನು ವಿದ್ಯಾನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನೌಕರಿ ಮಾಡುತ್ತಲೇ ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಚಪ್ಪಟೆ ಮೀನಿನ ಚಯಾಪಚಯ ಹೇಗೆ ಬದಲಾಗುತ್ತದೆ ಎಂಬುದು ನನ್ನ ವಿಷಯ. ಸಮುದ್ರದ ಗಂಧಗಾಳಿ ಇಲ್ಲದ ಊರಲ್ಲಿ ಕೂತು ಸಮುದ್ರದ ಮೀನಿನ ಉಸಾಬರಿ ಯಾಕೆ ಎಂದು ಕೇಳದವರಿಲ್ಲ. "ಮಂಗಳ ಗ್ರಹದ ಮ್ಯಾಲೆ ಓದೋರು ಅಲ್ಲೇ ಹೋಗಿ ಮನಿ ಮಾಡ್ಯಾರೇನ್ರಿ?" ಎಂದು ನಾನು ತಿರುಗಿ ಕೇಳುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಖರೇ ಹೇಳಬೇಕೆಂದರೆ ನಾನು ಆ ಮೀನಿಗೆ ಮನಸೋತಿದ್ದೆ. ಕರಾವಳಿಯಲ್ಲಿ ಅದಕ್ಕೆ ನಂಗು ಎನ್ನುತ್ತಾರೆ. ಅಂಗೈಗಿಂತ ಸ್ವಲ್ಪ ಉದ್ದ, ನಾಲಿಗೆಯಂತೆ ಚಪ್ಪಟೆ. ಹುಟ್ಟುವಾಗ ಎಲ್ಲ ಮೀನಿನಂತೆ ತಲೆಯ ಎರಡು ಕಡೆ ಎರಡು ಕಣ್ಣು. ಬೆಳೆಯುತ್ತ ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂರುತ್ತದೆ. ಆಮೇಲೆ ಅದು ಮಗ್ಗುಲಾಗಿ ಮರಳಿನ ಮೇಲೆ ಮಲಗಿತೆಂದರೆ ಬಾಳೆಲ್ಲ ಅಲ್ಲೇ.

ಮಳೆಗಾಲದ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ತಳದ ನೀರಿನ ಆಮ್ಲಜನಕ ಇಳಿಯುತ್ತದೆ. ಮೇಲೆ ಈಜುವ ಮೀನುಗಳು ಬೇರೆ ಕಡೆ ಓಡುತ್ತವೆ, ತಳದಲ್ಲಿ ಮಲಗಿದ್ದಕ್ಕೆ ಮೊದಲ ಪೆಟ್ಟು. ಆಗ ಅದು ಏನು ಮಾಡುತ್ತದೆ? ಚಯಾಪಚಯವೆಂದರೆ ಮೈಯೊಳಗಿನ ಒಲೆ. ಗಾಳಿ ಕಡಿಮೆಯಾದರೆ ಮೀನು ಮೊದಮೊದಲು ಕಿವಿರು ಜೋರಾಗಿ ಬಡಿದು ಒಲೆಯನ್ನು ಹಾಗೇ ಉರಿಸಿಕೊಂಡು ಹೋಗುತ್ತದೆ. ಗಾಳಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದೂ ಸಾಗುವುದಿಲ್ಲ. ಉರಿ ಸಣ್ಣದು ಮಾಡಿಕೊಂಡು, ಅಲುಗದೆ ಕಾಯುತ್ತದೆ. ಆ ಮಟ್ಟ ಎಲ್ಲಿದೆ ಎಂದು ಹಿಡಿಯುವುದೇ ನನ್ನ ಕೆಲಸವಾಗಿತ್ತು.

ಕೆಲಸ ಅರ್ಧಕ್ಕೆ ಬಂದಾಗ ಧಾರವಾಡದ ನಮ್ಮ ಪ್ರಯೋಗಾಲಯದ ಗೋಡೆ ಒಡೆದು ಹೊಸ ವೈರು ಎಳೆಯಲು ಶುರುಮಾಡಿದರು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀರಿಗೆ ಗಾಳಿ ಬಿಡುವ ಪಂಪು ನಿಂತರೆ ಮೀನು ಉಳಿಯುವುದಿಲ್ಲ. ಇತ್ತ ಪ್ರಬಂಧ ಒಪ್ಪಿಸಲು ನನಗೆ ಕೊಟ್ಟಿದ್ದ ಹೆಚ್ಚಿನ ಅವಧಿಯೂ ಮುಗಿಯುತ್ತ ಬಂದಿತ್ತು. ಇನ್ನೊಮ್ಮೆ ಕೇಳಬೇಡಿ ಎಂದು ಆಗಲೇ ಹೇಳಿಯಾಗಿತ್ತು. ಗಡುವು ದಾಟಿದರೆ ಹೆಸರು ಹೊಡೆದುಹಾಕುತ್ತಿದ್ದರು, ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣುಪಾಲು. ನವನಗರದ ನಮ್ಮ ಮನೆಯಲ್ಲಿ ದೊಡ್ಡ ಇನ್ವರ್ಟರ್ ಇತ್ತು. ಹಾಗಾಗಿ ವಿಭಾಗದ ಅನುಮತಿ ಪಡೆದು, ತೊಟ್ಟಿ, ಪಂಪು, ಅಳೆಯುವ ಗಾಜಿನ ಪೆಟ್ಟಿಗೆ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನೋಡವಾ, ಅದು ಅಡಗಿಮನಿ ಹೊಸ್ತಿಲ ದಾಟಬಾರದು. ಅದರ ಹುಳ ನನ್ನ ಫ್ರಿಜ್ಜಿನ್ಯಾಗ ಬರಬಾರದು. ಮತ್ತ ಈ ಮನ್ಯಾಗ ಒಂದೂ ಸಾಯಬಾರದು."

ಮೊದಲ ಎರಡು ಸುಲಭ. ಕೇಶ್ವಾಪುರದ ಅಂಗಡಿಯಿಂದ ಮೀನಿಗೆ ಹಾಕುವ ಸಣ್ಣ ಕೆಂಪು ಹುಳ ತಂದು, ಹಿತ್ತಲ ಕಟ್ಟೆಯ ಮೇಲೆ ಒಂದು ಹಳೇ ಪುಟ್ಟ ಫ್ರಿಜ್ಜು ಇಟ್ಟು ಅದರಲ್ಲಿ ತುಂಬಿದೆ. ಮೂರನೆಯದಕ್ಕೆ ಮಾತ್ರ "ನೋಡೂಣ್ರಿ" ಎಂದೆ. "ನೋಡೋದಲ್ಲ, ಹೂಂ ಅನ್ನು" ಎಂದರು. ಹೂಂ ಅಂದೆ.

ತೊಟ್ಟಿ ಎರಡು. ಒಂದು ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ. ಇನ್ನೊಂದು ಹಿತ್ತಲ ಕೋಣೆಯಲ್ಲಿ. ಅಲ್ಲಿ ಬೆಕ್ಕಿನ ಕಾಟ ಎಂದು ದಪ್ಪ ಗಾಜಿನ ಮುಚ್ಚಳ ಹಾಕಿ, ಮೇಲೆ ಇಟ್ಟಿಗೆ ಹೇರಿದ್ದೆ. ನೀರಿನಿಂದ ಆಮ್ಲಜನಕ ಹೊರಹಾಕಲು ನೈಟ್ರೋಜನ್ ಗುಳ್ಳೆ ಬಿಡಬೇಕು. ಅದರ ಸಿಲಿಂಡರ್ ಟೆಂಪೋದಿಂದ ಇಳಿಯುವುದನ್ನು ನೋಡಿದ ಎದುರುಮನೆಯವರು ಸಂಜೆಗೆ ಎಳನೀರು ಹಿಡಿದುಕೊಂಡು ಬಂದರು. "ಯಾರಿಗ್ರಿ ದಮ್ಮು? ಅಜ್ಜಿಗೇನು?" ಅತ್ತೆ ಗೂಟದಂತೆ ನೆಟ್ಟಗೆ ನಿಂತು, "ನನಗ ಯಾತರ ದಮ್ಮು? ಮೀನಿಗೆ" ಎಂದರು. ಅವರು ಎಳನೀರು ಕೊಟ್ಟು, ಇನ್ನೇನೂ ಕೇಳದೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಉಂಡ ಮೀನಿನ ಒಲೆ ಹೆಚ್ಚು ಉರಿಯುತ್ತದೆ, ಅರಗಿಸಿಕೊಳ್ಳುವುದಕ್ಕೂ ಆಮ್ಲಜನಕ ಬೇಕಲ್ಲ. ಆದ್ದರಿಂದ ಅಳೆಯುವ ಮೊದಲು ಮೀನನ್ನು ಉಪವಾಸ ಇಡುವುದು ರೂಢಿ. "ಎರಡು ದಿನ ಯಾರೂ ಇವಕ್ಕ ಏನೂ ಹಾಕಬ್ಯಾಡ್ರಿ" ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಎಲ್ಲರೂ ಎಂದರೆ ರೈಲ್ವೆಯಲ್ಲಿ ಕೆಲಸ ಮಾಡುವ ನನ್ನವರು ಮತ್ತು ಅತ್ತೆ. ನನ್ನವರಿಗೆ ತಮ್ಮ ಊಟದ ನೆನಪೇ ಇರುವುದಿಲ್ಲ. ಅತ್ತೆಯೋ, ಹುಳದ ಡಬ್ಬಿ ಕಂಡರೆ ಮೂಗಿಗೆ ಸೆರಗು ಹಿಡಿಯುವವರು. ನನಗೆ ಯಾವ ಅನುಮಾನವೂ ಬರಲಿಲ್ಲ.

ಅಳತೆ ಶುರುವಾಯಿತು. ಹಿತ್ತಲ ತೊಟ್ಟಿಯ ಮೀನುಗಳು ಪುಸ್ತಕ ಓದಿ ಬಂದವರಂತೆ ನಡೆದುಕೊಂಡವು. ಆಮ್ಲಜನಕ ಇಳಿಸಿದಂತೆ ಕಿವಿರು ಬಡಿದವು, ಒಂದು ಮಟ್ಟದಲ್ಲಿ ಉರಿ ತಗ್ಗಿಸಿದವು, ಮರಳಿನಲ್ಲಿ ಗಪ್ಪಾಗಿ ಬಿದ್ದವು, ಗಾಳಿ ಬಿಟ್ಟ ಕೂಡಲೇ ಸುಧಾರಿಸಿಕೊಂಡವು. ಪಡಸಾಲೆಯವು ಮಾತ್ರ ಹುಚ್ಚುಚ್ಚಾರ. ಮೊದಲಿಂದಲೇ ಹೆಚ್ಚು ಆಮ್ಲಜನಕ ಎಳೆಯುತ್ತಿದ್ದವು. ಹಿತ್ತಲವು ಇನ್ನೂ ಆರಾಮಾಗಿ ಇರುವ ನೀರಿನಲ್ಲೇ ಇವು ತಡೆಯಲಾರದೆ ತಲೆ ಎತ್ತುತ್ತಿದ್ದವು, ಮರಳು ಕೊಡವಿಕೊಂಡು ಮೇಲೆ ಬರುತ್ತಿದ್ದವು. ಯಂತ್ರ ಕೆಟ್ಟಿದೆ ಅಂದುಕೊಂಡೆ. ಅಳೆಯುವ ಕಡ್ಡಿ ಬದಲಿಸಿದೆ, ನೀರು ಬದಲಿಸಿದೆ, ಮರಳು ತೊಳೆದೆ. ಊಹೂಂ. ಅದೇ ರಾಗ.

ಧಾರವಾಡಕ್ಕೆ ಹೋಗಿ ನನ್ನ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ದೊಡ್ಡ ದನಿಯಲ್ಲಿ ಮಾತಾಡಿದವರೇ ಅಲ್ಲ. ಅವತ್ತೂ ಮೆಲ್ಲಗೇ ಹೇಳಿದರು. "ಒಂದ ಜಾತಿ ಮೀನು, ಒಂದ ಬಲ್ಯಾಗ ಬಂದಾವು. ಒಂದ ತೊಟ್ಟ್ಯಾನವು ಹಿಂಗ, ಇನ್ನೊಂದ ತೊಟ್ಟ್ಯಾನವು ಹಂಗ ಅಂದ್ರ ಯಾರ ನಂಬ್ತಾರ್ರಿ? ನಿಮ್ಮ ಅಳತಿ ಮ್ಯಾಲೆ ನನಗ ವಿಶ್ವಾಸ ಉಳೀವಲ್ದು. ಇದನ್ನ ಬಿಟ್ಟಬಿಡ್ರಿ. ಯಾವದರ ಕೆರಿ ಮೀನು ಹಿಡದು ಹೊಸದಾಗಿ ಶುರು ಮಾಡ್ರಿ."

ಹೊಸದಾಗಿ ಶುರು ಮಾಡಲು ಸಮಯ ಎಲ್ಲಿತ್ತು? ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಯವಾಗಿ ನನ್ನ ಕೈಬಿಟ್ಟಿದ್ದರು. ಬಸ್ಸಿನಲ್ಲಿ ನವನಗರದ ತನಕ ಕಿಡಕಿಯ ಕಡೆ ಮುಖ ಮಾಡಿ ಕೂತೆ. ನನ್ನಂಥ ಬಾಯಿಬಡಕಿ ಅಳುವುದನ್ನು ಊರವರು ನೋಡುವುದು ಬೇಡವಾಗಿತ್ತು.

ಮರುದಿನ ರಜೆ ಹಾಕಿದೆ. ಮೀನುಗಳನ್ನು ವಾಪಸು ಕಳಿಸುವುದೇ ಸೈ ಎಂದು ಪಡಸಾಲೆಯ ತೊಟ್ಟಿ ಖಾಲಿ ಮಾಡಲು ಕೈ ಹಾಕಿದಾಗ ಮರಳಿನ ಮೇಲೆ ಕಪ್ಪು ದಾರದ ತುಂಡುಗಳಂಥವು ಕಂಡವು. ಮೀನಿನ ಹೇಲು. ಎರಡು ದಿನ ಉಪವಾಸವಿದ್ದ ಮೀನಿಗೆ ಅದೆಲ್ಲಿಂದ ಬರಬೇಕು? ಓಡಿಹೋಗಿ ಹಿತ್ತಲ ತೊಟ್ಟಿ ನೋಡಿದೆ. ಅಲ್ಲಿ ಮರಳು ಚೊಕ್ಕವಾಗಿತ್ತು. ಪಡಸಾಲೆಗೆ ತಿರುಗಿ ಬರುವಾಗ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು. ಅತ್ತೆಯ ಎರಡನೇ ಜಳಕ. ಈಚೆಗೆ ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಂದು ಜಳಕ ಮಾಡುತ್ತಾರೆ ಎಂದು ನನ್ನವರು ಹೇಳಿದ್ದರು, ನಾವು ಅದನ್ನು ಬಿಸಿಲಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆವು. ಅವರು ವಿಭೂತಿ ಹಚ್ಚಿಕೊಂಡು ಹೊರಗೆ ಬರುವ ತನಕ ತೊಟ್ಟಿಯ ಪಕ್ಕವೇ ನಿಂತಿದ್ದೆ.

"ಅತ್ತೀ, ಈ ಮೀನಿಗೆ ಯಾರರ ಏನರ ಹಾಕ್ಯಾರೇನ್ರಿ?"

"ಯಾರರ ಯಾಕ ಹಾಕ್ತಾರ? ನಾನ ಹಾಕೇನಿ."

"ಏನ ಹಾಕೀರಿ?"

"ಅದರ ಊಟ. ನಿನ್ನ ಕೆಂಪ ಹುಳ. ಮೊದಲ ರೊಟ್ಟಿ ಮುರದು ಹಾಕಿದ್ನಿ, ಮೂಸಿ ಸೈತ ನೋಡಲಿಲ್ಲ."

"ಉಪವಾಸ ಇರಬೇಕು ಅಂತ ಹೇಳಿದ್ನೆಲ್ರಿ!"

"ಉಪವಾಸ ಮಾಡಾಕ ಮೀನೇನು ಹರಕಿ ಹೊತ್ತೈತೇನು? ನಾ ಶ್ರಾವಣ ಸೋಮವಾರ ಮಾಡ್ತೇನಿ. ನಾ ಬೇಡ್ಕೊಂಡೇನಿ, ಮಾಡ್ತೇನಿ. ಅದು ಯಾವ ದೇವರಿಗೆ ಬೇಡ್ಕೊಂಡೈತಿ?" ಅವರ ದನಿ ಏರಿತು. "ನಾ ಅಡಗಿಮನ್ಯಾಗ ತಾಟಿನ ಮುಂದ ಕುಂತ್ರ ಅದು ಎರಡೂ ಕಣ್ಣು ಒಂದ ಕಡೆ ಮಾಡಿ ನನ್ನ ನೋಡ್ತೈತಿ. ಹಸದವರ ಎದುರಿಗೆ ಕುಂತು ನಾ ಹೆಂಗ ಉಣ್ಲಿ ಹೇಳು?"

ಅತ್ತೆಯ ತವರಿನಲ್ಲಿ ದಿನವೂ ದಾಸೋಹ ನಡೆಯುತ್ತಿತ್ತು. ಬಂದವರು ಯಾರು, ಎಲ್ಲಿಯವರು ಎಂದು ಕೇಳದೆ ಬಡಿಸುವುದು, ಎಲ್ಲರದೂ ಆದ ಮೇಲೆ ಮನೆಯವರು ಉಣ್ಣುವುದು. ಅದು ಅವರ ರಕ್ತದಲ್ಲೇ ಇಳಿದಿತ್ತು. ನಾನು ಕಾಲೇಜಿಗೆ ಹೋದ ಮೇಲೆ ಬೇವಿನ ಕಡ್ಡಿಯಿಂದ ಹುಳ ಎತ್ತಿ, ಕಣ್ಣು ಅರ್ಧ ಮುಚ್ಚಿಕೊಂಡು ತೊಟ್ಟಿಗೆ ಹಾಕಿ, ಹುಳದ ಮೈಲಿಗೆಗೆ ತಲೆಮೇಲೆ ನೀರು ಹೊಯ್ದುಕೊಂಡು, ಆಮೇಲೆ ಊಟಕ್ಕೆ ಕೂರುತ್ತಿದ್ದರಂತೆ. ಮೊಟ್ಟೆಯ ಹೆಸರಿಗೇ ಮೈ ಮುದುಡುವ ಹೆಂಗಸು!

"ಮತ್ತ ಹಿತ್ತಲದವಕ್ಕ?" ಎಂದೆ.

"ಆ ಮುಚ್ಚಳ ನನಗ ಏಳಂಗಿಲ್ಲ. ಇಟ್ಟಂಗಿ ಹೇರಿ ಇಟ್ಟಿ. ಅವುಗಳ ಕಣ್ಣಿಗೆ ಬೀಳಬಾರದಂತ ಆ ಹಿತ್ತಲ ಖೋಲ್ಯಾಗ ಹೋಗೋದ ಬಿಟ್ಟೇನಿ."

ಸಿಟ್ಟು ನೆತ್ತಿಗೇರಿತ್ತು. ನನ್ನ ಪಿಎಚ್.ಡಿ.ಯನ್ನು ಬೇವಿನ ಕಡ್ಡಿಯಿಂದ ತಿವಿದು ಕೊಂದಿದ್ದರು. ಕೂಗಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು.

ಒಂದು ತೊಟ್ಟಿ ಉಂಡದ್ದು, ಒಂದು ತೊಟ್ಟಿ ಉಪವಾಸ. ಹಾಗಾದರೆ ನನ್ನ ಅಳತೆ ತಪ್ಪಿರಲಿಲ್ಲ! ಯಂತ್ರ ಸರಿ, ನಾನು ಸರಿ, ಮೀನೂ ಸರಿ. ಉಂಡ ಮೀನಿಗೆ ಅರಗಿಸುವ ಕೆಲಸ ಮೈಮೇಲಿದೆ, ಅದಕ್ಕೆ ಉರಿ ತಗ್ಗಿಸಲು ಬರುವುದಿಲ್ಲ, ಆದ್ದರಿಂದ ಉಪವಾಸದ ಮೀನು ತಡೆಯುವ ನೀರಿನಲ್ಲಿ ಅದು ತಡೆಯುವುದಿಲ್ಲ. ಸಮುದ್ರದಲ್ಲಿ ಯಾವ ಮೀನು ನಮ್ಮ ಪ್ರಯೋಗಕ್ಕಾಗಿ ಉಪವಾಸ ಕೂತಿರುತ್ತದೆ? ಉಪವಾಸದ ಮೀನನ್ನಷ್ಟೇ ಅಳೆದು ಇಷ್ಟು ಗಾಳಿ ಇದ್ದರೆ ನಂಗು ಬದುಕುತ್ತದೆ ಎಂದು ಬರೆದಿದ್ದರೆ, ಆಗಷ್ಟೇ ಹೊಟ್ಟೆತುಂಬ ತಿಂದ ಮೀನಿನ ಪಾಲಿಗೆ ಅದು ಶುದ್ಧ ಸುಳ್ಳಾಗುತ್ತಿತ್ತು. ನಾನು ಹುಡುಕುತ್ತಿದ್ದ ಮಟ್ಟ ಒಂದಲ್ಲ, ಎರಡು. ನಾನು ಅತ್ತೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ.

"ದೂರ ಸರಿ, ದೂರ ಸರಿ! ಮೀನ ಮುಟ್ಟಿದ ಕೈ! ಈಗರ ಜಳಕಾ ಮಾಡೇನಿ" ಎಂದು ಅವರು ಒದರಿದರು. ಪಾಪ, ಅವತ್ತು ಮೂರನೇ ಜಳಕವೂ ಆಯಿತು.

ಮಾರ್ಗದರ್ಶಕರಿಗೆ ಫೋನು ಮಾಡಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. "ಕೇಳಾಕ ಛಲೋ ಐತಿ. ಮಾಡಿ ತೋರಸ್ರಿ. ಲಗೂ" ಎಂದರು. ಅಷ್ಟು ಸಾಕಿತ್ತು.

ಈ ಸಲ ಉಣಿಸುವುದೂ ಉಪವಾಸವೂ ನಮ್ಮ ಲೆಕ್ಕದಲ್ಲೇ ನಡೆದವು. ಒಂದು ವಾರ ಪಡಸಾಲೆಯವಕ್ಕೆ ಊಟ, ಹಿತ್ತಲವಕ್ಕೆ ಉಪವಾಸ. ಮುಂದಿನ ವಾರ ಅದಲು ಬದಲು. ಬಡಿಸುವ ಅಧಿಕಾರ ಅತ್ತೆಯದು. ನಾನು ತೂಗಿ ಕೊಟ್ಟಷ್ಟೇ ಹಾಕಬೇಕು ಎಂಬ ಕರಾರಿಗೆ ಅವರು ಒಪ್ಪಿದರಾದರೂ ಪ್ರತಿ ಸಲ ತಕ್ಕಡಿ ನೋಡಿ "ಇಷ್ಟ? ಬೀಗರಿಗೆ ಹಿಂಗ ಬಡಸೀಯೇನು?" ಎಂದು ಮೂಗು ಮುರಿಯುತ್ತಿದ್ದರು. ಪಡಸಾಲೆಯವು ಉಪವಾಸ ಇರುವ ವಾರ ತಮ್ಮ ಹಳೇ ಇಳಕಲ್ ಸೀರೆಯನ್ನು ತೊಟ್ಟಿಗೆ ಅಡ್ಡ ಕಟ್ಟುತ್ತಿದ್ದರು. ತಾವು ಉಣ್ಣುವುದು ಅವಕ್ಕೆ ಕಾಣಬಾರದಲ್ಲ. ಸೀರೆಯ ಹಿಂದಕ್ಕೆ ಬಗ್ಗಿ, "ಮುಂದಿನ ವಾರ ನಿನ್ನ ಪಾಳಿ, ಬ್ಯಾಸರ ಮಾಡ್ಕೋಬ್ಯಾಡ" ಎಂದು ಸಮಾಧಾನ ಹೇಳುವುದನ್ನೂ ಕೇಳಿದ್ದೇನೆ.

ಆದರೂ ಅವರಿಗೆ ಉಪವಾಸದ ಮಾತು ಒಪ್ಪಿಗೆಯಾಗಿರಲಿಲ್ಲ. ಒಂದು ಭಾನುವಾರ ಅವರನ್ನು ಕರೆದು ಗಾಜಿನ ಪೆಟ್ಟಿಗೆಯ ಮುಂದೆ ಕೂರಿಸಿದೆ. ನೀರಿನ ಆಮ್ಲಜನಕ ಇಳಿಸಿ, ಹಸಿದ ಮೀನಿನ ಬಾಯಿಯ ಹತ್ತಿರವೇ ಹುಳ ಬಿಟ್ಟೆ. ಅದು ಮುಟ್ಟಲಿಲ್ಲ. ಅತ್ತೆ ಕಡ್ಡಿಯಿಂದ ಹುಳವನ್ನು ಇನ್ನೂ ಹತ್ತಿರ ತಳ್ಳಿದರು. ಮೀನು ಕದಲಲಿಲ್ಲ. ಅವರಿಗೆ ಅಪಮಾನವಾಯಿತು. "ಬಡಿಸಿದ್ದ ಒಲ್ಲೆ ಅಂತೈತಿ ನೋಡು ಇದು!"

ಆಗ ಪಂಪು ಹಾಕಿ ಗಾಳಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಮೀನಿನ ಅಂಚು ಅಲೆಯಾಡಿತು, ಕಣ್ಣು ಹೊರಳಿತು. ಹುಳ ಮಾಯ. ಅತ್ತೆ ಗಾಜಿನ ಹತ್ತಿರಕ್ಕೆ ಮುಖ ತಂದು ನೋಡಿದರು.

"ಗಾಳಿ ಇಲ್ಲದಾಗ ಉಣ್ಣಂಗಿಲ್ಲ ಅದು" ಎಂದರು.

"ಹೌದ್ರಿ. ಉಂಡ್ರ ಅರಗಸಾಕ ಗಾಳಿ ಬೇಕಲ್ರಿ."

"ಗಾಳಿ ಬಂದ ಮ್ಯಾಲೆ ಉಣ್ತೈತಿ."

"ಹೌದ್ರಿ."

"ಹಂಗಾರ ಇದು ಉಪವಾಸ ಅಲ್ಲ ಬಿಡು, ಶ್ಯಾಣ್ಯಾತನ" ಎಂದು ಎದ್ದು ಜಳಕಕ್ಕೆ ಹೋದರು. ಅವತ್ತಿನಿಂದ ಇಳಕಲ್ ಸೀರೆ ಕಟ್ಟುವುದು ನಿಂತಿತು.

ಫಲಿತಾಂಶ ಬಂದಾಗ ನಾನು ಪಡಸಾಲೆಯಲ್ಲಿ ಒಬ್ಬಳೇ ಕುಣಿದೆ. ಮೀನುಗಳ ಹುಚ್ಚುಚ್ಚಾರ ಈಗ ತೊಟ್ಟಿಯನ್ನು ಬಿಟ್ಟು ಊಟದ ಹಿಂದೆ ಹೊರಟಿತ್ತು. ಊಟ ಎಲ್ಲಿತ್ತೋ ಅಲ್ಲಿ ಮೀನು ಬೇಗ ಸೋಲುತ್ತಿತ್ತು, ಉಪವಾಸ ಎಲ್ಲಿತ್ತೋ ಅಲ್ಲಿ ಗಟ್ಟಿ ನಿಲ್ಲುತ್ತಿತ್ತು. ಮಾರ್ಗದರ್ಶಕರು ತಾವೇ ನವನಗರಕ್ಕೆ ಬಂದರು. ಅಳತೆಯ ನಕ್ಷೆಯ ಗೆರೆಗಳ ಮೇಲೆ ಬೆರಳಾಡಿಸುತ್ತ, ಅತ್ತೆ ಮಾಡಿಕೊಟ್ಟ ಗಿರ್ಮಿಟ್ಟು ತಿನ್ನುತ್ತ, ಇನ್ನೊಂದು ತಾಟು ಕೇಳಿ ಇಸಿದುಕೊಂಡು ತಿನ್ನುತ್ತ, ಕಡೆಗೆ ಬಾಯಿ ಬಿಟ್ಟರು. "ಇದು ಪ್ರಬಂಧದ ಒಂದ ಮೂಲ್ಯಾಗ ಬರೂದಲ್ರಿ. ಇದ ನಿಮ್ಮ ಪ್ರಬಂಧ. ನಾ ಅವತ್ತ ಅವಸರ ಮಾಡಿದ್ನಿ." ಗಡುವಿನ ಒಳಗೇ ಒಪ್ಪಿಸಿದೆ. ಮೀನುಗಳನ್ನು ಹೊಸ ವೈರಿನ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟೆವು. ನಮ್ಮ ಮನೆಯಲ್ಲಿ ಒಂದೂ ಸತ್ತಿರಲಿಲ್ಲ. ಮೂರನೇ ಷರತ್ತೂ ಉಳಿದಿತ್ತು.

ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ನನಗೆ ಒಂದು ತುತ್ತೂ ಇಳಿಯಲಿಲ್ಲ. ಅತ್ತೆ ರೊಟ್ಟಿ ಮಾಡಿದರು, ಅವಲಕ್ಕಿ ಮಾಡಿದರು, ಬರೀ ಹಾಲಾದರೂ ಕುಡಿ ಎಂದರು. "ಬ್ಯಾಡ್ರಿ ಅತ್ತೀ, ಈಗ ಆಗಂಗಿಲ್ಲ" ಎಂದೆ. ಅವರು ಬೈಯಲಿಲ್ಲ. ನನಗೆ ಸೋಜಿಗವಾಯಿತು. ಒಂದು ಸ್ಟೀಲಿನ ಡಬ್ಬಿ ಸೆರಗಿನೊಳಗೆ ಇಟ್ಟುಕೊಂಡು ನಮ್ಮ ಜೊತೆ ಧಾರವಾಡಕ್ಕೆ ಹೊರಟರು.

ಸಭಾಂಗಣ ತುಂಬಿತ್ತು. ಫ್ಯಾನುಗಳು ನೆಪಕ್ಕೆ ತಿರುಗುತ್ತಿದ್ದವು. ಕರಾವಳಿಯಿಂದ ಬಂದ ಪರೀಕ್ಷಕರು ಮುಖ ಸಡಿಲಿಸದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನಾನು ಒಂದಕ್ಕೂ ತಡವರಿಸಲಿಲ್ಲ. ಕಡೆಗೆ ಅವರು ಚಷ್ಮಾ ತೆಗೆದರು. "ಅಳೆಯುವ ಮುಂಚೆ ಮೀನನ್ನು ಉಪವಾಸ ಇಡುವುದು ರೂಢಿ. ಉಂಡ ಮೀನನ್ನೂ ಅಳೆಯಬೇಕು ಎಂದು ನಿಮಗೆ ಹೇಗೆ ಹೊಳೆಯಿತು?"

ದೊಡ್ಡ ದೊಡ್ಡ ಶಬ್ದಗಳನ್ನು ಜೋಡಿಸಿ ಹೇಳಬಹುದಿತ್ತು. ನಾನು ಮುಂದಿನ ಸಾಲಿನ ಕಡೆ ನೋಡಿದೆ. ಹಣೆತುಂಬ ವಿಭೂತಿ, ತೊಡೆಯ ಮೇಲೆ ಡಬ್ಬಿ.

"ನನಗೆ ಹೊಳೆಯಲಿಲ್ಲ ಸರ್. ನಮ್ಮ ಅತ್ತೆ ಹಸಿದವರ ಎದುರಿಗೆ ಕೂತು ಊಟ ಮಾಡುವುದಿಲ್ಲ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ನಾನು ಹರಕೆಯ ಮಾತಿನಿಂದ ಬೇವಿನ ಕಡ್ಡಿಯ ತನಕ ಎಲ್ಲ ಹೇಳಿದೆ. ಸಭಾಂಗಣ ನಕ್ಕಿತು, ಪರೀಕ್ಷಕರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಎದ್ದು ನಿಂತು, ಪದವಿಗೆ ಶಿಫಾರಸು ಮಾಡುತ್ತೇವೆ ಎಂದು ಎಲ್ಲರ ಎದುರು ಹೇಳಿದರು. ಚಪ್ಪಾಳೆ ಬಿತ್ತು. ನನ್ನವರು ಕಣ್ಣೊರೆಸಿಕೊಂಡದ್ದು ಕಂಡಿತು. ನಾನು ಅಷ್ಟೆತ್ತರ ಯಾವತ್ತೂ ನಿಂತಿರಲಿಲ್ಲ.

ಜನ ಸುತ್ತುಗಟ್ಟುವ ಮೊದಲೇ ಅತ್ತೆ ಎದ್ದು ಬಂದರು. ಕಿಡಕಿಯ ಹತ್ತಿರ ನಿಂತಿದ್ದ ಒಬ್ಬರಿಗೆ "ಅದನ್ನಿಷ್ಟ ತಗೀರಿ" ಎಂದು ಹೇಳಿ ಕಿಡಕಿಯ ಬಾಗಿಲು ತೆಗೆಸಿದರು. ಹೊರಗಿನ ತಂಪು ಒಳಗೆ ಬಂತು. ಡಬ್ಬಿ ಬಿಚ್ಚಿ, ಪರೀಕ್ಷಕರು, ಮಾರ್ಗದರ್ಶಕರು, ನನ್ನ ವಿದ್ಯಾರ್ಥಿಗಳು ಎಲ್ಲರೂ ನೋಡುತ್ತಿರುವಂತೆಯೇ ಶೇಂಗಾ ಹೋಳಿಗೆ ಮುರಿದು ನನ್ನ ಬಾಯಿಗೆ ಹಿಡಿದರು.

"ಈಗ ತಿನ್ನು. ಈಗ ಗಾಳಿ ಬಂತಲ್ಲ."

ನಾನು ಅವರ ಕೈಯಿಂದಲೇ ತಿಂದೆ.